ಕಂಪ್ಯೂಟರಿನೊಳಗೆ ಜಗದಾಂಬಾ ಕಟ್ಟಿದ ಮನೆ

ಜಗದಾಂಬಾ ಫೋನೆತ್ತಿ ‘ಹಲೋ, ರುದ್ರಾಕ್ಷಿ’ ಅಂದರೆ ಆ ಕಡೆಯವರಿಗೆ ಯಾವುದೋ ಮಠದ ಬಾಗಿಲು ತೆರೆದ ಹಾಗಾಗುತ್ತಿತ್ತು. ‘ಶರಣು ತಾಯಿ’ ಅಂದವರೂ ಇದ್ದರು. ನಿಜದಲ್ಲಿ ರುದ್ರಾಕ್ಷಿ ಕ್ಯಾಸ್ಟಿಂಗ್ಸ್ ಅನ್ನುವುದು ಕಬ್ಬಿಣದ ಎರಕ ಹೊಯ್ಯುವ ಕಂಪನಿ. ಅದರ ಆಫೀಸು ಶಿವಮೊಗ್ಗದ ಕೋಟೆ ರಸ್ತೆಯ ಒಂದು ಮಹಡಿಯ ಮೇಲೆ, ಶೆಡ್ಡು ಭದ್ರಾವತಿಯಲ್ಲಿ. ಅಲ್ಲಿ ಕಬ್ಬಿಣ ಕರಗುತ್ತಿತ್ತು, ಇಲ್ಲಿ ಫ್ಯಾನು ತಿರುಗುತ್ತಿತ್ತು. ಸುಸ್ತು ಎರಡೂ ಕಡೆಯವರಿಗೆ ಆಗುತ್ತಿತ್ತು, ಆದರೆ ಸುಸ್ತಾಯಿತು ಅಂತ ಹೇಳಿಕೊಳ್ಳುವ ಅಧಿಕಾರ ಫ್ಯಾನಿನ ಕೆಳಗಿದ್ದವರಿಗೆ ಮಾತ್ರ ಇತ್ತು.

ಈ ಎರಡು ಊರುಗಳ ನಡುವಿನ ಮಾತೆಲ್ಲ ಜಗದಾಂಬಾಳ ಕಿವಿಯ ಮೂಲಕವೇ ಹಾದುಹೋಗಬೇಕಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಕೆಲಸಕ್ಕೆ ಸೇರಿದಾಗ ಅವಳ ಮುಂದಿದ್ದದ್ದು ಹಗ್ಗದಂಥ ವೈರುಗಳನ್ನು ತೂತಿನಿಂದ ತೂತಿಗೆ ಚುಚ್ಚುವ ಹಳೇ ಬೋರ್ಡು. ಆಮೇಲೆ ಗುಂಡಿ ಒತ್ತುವ ಬೋರ್ಡು ಬಂತು. ಬೋರ್ಡು ಬದಲಾದರೂ ಕಿವಿ ಬದಲಾಗಲಿಲ್ಲ. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾವ ಗಿರಾಕಿಗೆ ಯಾವ ಸುಳ್ಳು ಹೇಳಿದ್ದಾರೆ, ಜನರಲ್ ಮ್ಯಾನೇಜರ್ ವಿಶ್ವಾರಾಧ್ಯರು ಮನೆಯಿಂದ ಫೋನು ಬಂದಾಗ ಎಷ್ಟು ಮೆತ್ತಗಾಗುತ್ತಾರೆ, ಎಲ್ಲವೂ ಅವಳಿಗೆ ಗೊತ್ತು. ಗಂಡ ವೀರಪ್ಪ ಸಹಕಾರಿ ಬ್ಯಾಂಕಿನ ಗುಮಾಸ್ತ, ಉಪ್ಪು ಕಡಿಮೆಯಾದಾಗ ಮಾತ್ರ ಬಾಯಿ ಬಿಡುವ ಮನುಷ್ಯ. ಮನೆಯಲ್ಲಿ ಕೇಳಲು ಏನೂ ಸಿಗದಿದ್ದ ಹೆಂಗಸಿಗೆ ಆಫೀಸಿನಲ್ಲಿ ಕೇಳುವುದಕ್ಕೇ ಸಂಬಳ ಕೊಡುತ್ತಿದ್ದರು. ಇದಕ್ಕಿಂತ ಒಳ್ಳೆಯ ನೌಕರಿ ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ.

ಕಿವಿಯ ಕೆಲಸದ ಜೊತೆಗೆ ಅವಳಿಗೆ ಇನ್ನೊಂದು ಅಧಿಕಾರವೂ ಇತ್ತು. ಆಫೀಸಿಗೆ ಕಂಪ್ಯೂಟರ್ ಬಂದಾಗ ಅದಕ್ಕೊಂದು ಗಾಜಿನ ಕೋಣೆ ಕಟ್ಟಿ, ಏಸಿ ಹಾಕಿ, ಬಾಗಿಲಿಗೆ ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆದಿದ್ದರು. ಆ ಕಾಲದಲ್ಲಿ ಕಂಪ್ಯೂಟರಿಗೂ ಮಡಿ ಇತ್ತು. ಆಮೇಲೆ ಕಂಪ್ಯೂಟರುಗಳು ಎಲ್ಲರ ಮೇಜಿಗೂ ಬಂದು ಮಡಿ ಕೆಟ್ಟಿತು. ಆಫೀಸಿನವರು ಬೂಟು ಹಾಕಿಕೊಂಡೇ ಎಲ್ಲೆಂದರಲ್ಲಿ ಓಡಾಡಿದರು. ಆದರೆ ಬಾಗಿಲ ಮೇಲಿನ ಆ ಬರಹವನ್ನು ಯಾರೂ ಅಳಿಸಲಿಲ್ಲ. ಭದ್ರಾವತಿಯಿಂದ ಬಂದವರು ಮಾತ್ರ ಅದನ್ನು ಮೆಟ್ಟಿಲ ಕೆಳಗೇ ನೆನಪಿಸಿಕೊಂಡು, ಚಪ್ಪಲಿ ಅಲ್ಲೇ ಬಿಟ್ಟು, ಬರಿಗಾಲಲ್ಲಿ ಮಹಡಿ ಹತ್ತುತ್ತಿದ್ದರು. ಅವರ ಪಾದ ನೋಡಿದರೆ ಸಾಕು, ಜಗದಾಂಬಾ ಮುಖ ನೋಡದೆಯೇ ‘ಶೆಡ್ಡಿಂದ ಬಂದ್ರಾ? ಅಲ್ಲೇ ಕೂತಿರಿ’ ಅನ್ನುತ್ತಿದ್ದಳು. ಕೂರುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಎರಡು ಸಾವಿರದ ಐದನೇ ಇಸವಿಯಲ್ಲಿ ವಿಶ್ವಾರಾಧ್ಯರಿಗೆ ಮೆಸೆಂಜರ್ ಹುಚ್ಚು ಹಿಡಿಯಿತು. ಶಿವಮೊಗ್ಗದ ಕಂಪ್ಯೂಟರುಗಳನ್ನೂ ಭದ್ರಾವತಿಯ ಶೆಡ್ಡಿನ ಕಂಪ್ಯೂಟರನ್ನೂ ಲೈನಿನಲ್ಲಿ ಜೋಡಿಸಿ, ಒಬ್ಬರು ಟೈಪ್ ಮಾಡಿದ್ದು ಎಲ್ಲರಿಗೂ ಕಾಣುವ ಒಂದು ಸಾಫ್ಟ್‌ವೇರ್ ಹಾಕಿಸಿದರು. ಎಲ್ಲರಿಗೂ ಒಂದೇ ಕಿಟಕಿ. ಆ ಕಿಟಕಿಯಲ್ಲಿ ಹರಿಹರದ ಲೋಡು, ಯಾರದೋ ಅಡ್ಡ ನಿಂತ ಸ್ಕೂಟರು, ಸತ್ಯನಾರಾಯಣ ಪೂಜೆಯ ಪ್ರಸಾದ, ರಜೆ ಚೀಟಿ, ಮೊನ್ನೆಯ ಉಪ್ಪಿಟ್ಟಿನ ವಿಮರ್ಶೆ, ಎಲ್ಲವೂ ಸಂತೆಯ ದಿನದ ಗಾಡಿಗಳ ಹಾಗೆ ಒಂದರ ಹಿಂದೊಂದು ನುಗ್ಗುತ್ತಿದ್ದವು. ಒಂದು ದಿನ ವಿಶ್ವಾರಾಧ್ಯರು ಆಫೀಸಿನ ಅಡುಗೆ ಕೋಣೆಯಲ್ಲಿ ಕಾಫಿ ಮಾಡುವ ಕಾಶಮ್ಮನಿಗೆಂದು, ಕಾಶಮ್ಮನಿಗೆ ಕಂಪ್ಯೂಟರೇ ಇಲ್ಲ ಅನ್ನುವುದನ್ನು ಮರೆತು, ‘ಅರ್ಜೆಂಟ್. ಎರಡು. ಸಕ್ಕರೆ ಇಲ್ಲದೆ’ ಎಂದು ಹಾಕಿದರು. ಭದ್ರಾವತಿಯ ಡಿಸ್ಪ್ಯಾಚ್ ಗುಮಾಸ್ತ ಭೀಮೇಶ್ ಕೂಡಲೇ ‘ಡ್ರಾಯಿಂಗ್ ಕಳಿಸಿ ಸರ್, ಯಾವ ಸೈಜು?’ ಎಂದು ಕೇಳಿದ. ಅವನ ತಪ್ಪೇನಿಲ್ಲ. ಶಿವಮೊಗ್ಗದಿಂದ ಅರ್ಜೆಂಟಾಗಿ ಬರುತ್ತಿದ್ದ ಬೇಡಿಕೆಯೆಲ್ಲ ಕಬ್ಬಿಣದ್ದೇ.

ಆಫೀಸು ಒಂದು ವಾರ ನಕ್ಕಿತು. ವಿಶ್ವಾರಾಧ್ಯರು ನಗಲಿಲ್ಲ. ಡಿಪ್ಲೊಮಾ ಮುಗಿಸಿದ್ದ ಸಮತಾ ಎಂಬ ಹುಡುಗಿಯನ್ನು ಕರೆಸಿ, ಈ ಕಿಟಕಿಯನ್ನು ಒಡೆದು ಸರಿಯಾಗಿ ವಿಂಗಡಿಸಿ ಹೊಸದಾಗಿ ಕಟ್ಟಿಕೊಡು ಎಂದರು. ಅದೇ ದಿನ ಜಗದಾಂಬಾಳನ್ನೂ ಕ್ಯಾಬಿನ್ನಿಗೆ ಕರೆದರು.

‘ಇನ್ನು ಎಲ್ಲಾ ಇದರಲ್ಲೇ ನಡಿತದೆ ಜಗದಾಂಬಮ್ಮ. ಯುಗಾದಿ ಹೊತ್ತಿಗೆ ಆ ಫೋನ್ ಬೋರ್ಡ್ ತೆಗೆಸಿಬಿಡೋಣ. ನಿಮಗೂ ವಿಶ್ರಾಂತಿ.’

ದೊಡ್ಡವರು ವಿಶ್ರಾಂತಿ ಅನ್ನುವ ಮಾತನ್ನು ಯಾವಾಗ ಬಳಸುತ್ತಾರೆ ಅನ್ನುವುದು ಇಷ್ಟು ವರ್ಷ ಫೋನು ಕದ್ದು ಕೇಳಿದವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಮನೆಗೆ ಹೋಗು ಅಂದದ್ದು ಅದು. ಮನೆಯಲ್ಲಿ ದಿನವಿಡೀ ಒಬ್ಬಳೇ ಕೂತು, ಸಂಜೆ ವೀರಪ್ಪನವರ ಎದುರು ಉಪ್ಪಿನ ಮಾತಿಗಾಗಿ ಕಾಯುವುದು. ಅವಳು ‘ಒಳ್ಳೇದಾಯ್ತು ಸರ್’ ಎಂದು ಹೊರಗೆ ಬಂದು, ತನ್ನ ಕುರ್ಚಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

ಸಮತಾ ಮಾಡಿದ ಮೊದಲ ನಕ್ಷೆ ಸರಳವಾಗಿತ್ತು. ಲೋಡಿಗೆ ಒಂದು ಕೋಣೆ, ಬಿಲ್ಲಿಗೆ ಒಂದು, ಎರಕದ ಕೆಲಸಕ್ಕೆ ಒಂದು. ಯಾರಿಗೆ ಯಾವ ಕೆಲಸವೋ ಅವರು ಆ ಕೋಣೆಗೆ ಬರುವುದು. ಜಗದಾಂಬಾ ಅದನ್ನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದಳು. ನೋಡಿದ ಕೂಡಲೇ ಅರ್ಥವಾಯಿತು. ಇದು ನೆಟ್ಟಗೆ ಓಡುತ್ತದೆ. ಇದು ಓಡಿದರೆ ತನ್ನ ಬೋರ್ಡು ನಿಲ್ಲುತ್ತದೆ.

‘ಚೆನ್ನಾಗಿದೆ ಮಾರಾಯ್ತಿ,’ ಅಂದಳು. ‘ಆದ್ರೆ ಲೋಡು ಬಿಲ್ಲು ಅಂದ್ರೆ ಯಾರಿಗೆ ರುಚಿಸ್ತದೆ? ಕೋಣೆ ಅಂದಮೇಲೆ ಮನೆ ಥರ ಇರಬೇಕು. ಜಗಲಿ ಮಾಡು, ನಡುಮನೆ ಮಾಡು, ಅಡುಗೆಮನೆ, ಹಿತ್ತಲು. ನಮ್ಮ ಜನಕ್ಕೆ ಯಾರೂ ಕಲಿಸೋದೇ ಬೇಡ. ಯಾರು ಎಲ್ಲಿ ಕೂರಬೇಕು ಅಂತ ಹುಟ್ಟಿದಾಗಿಂದ ಗೊತ್ತು.’

ಸಮತಾ ತಿರುಗಿ ನೋಡಿದಳು. ‘ಶೆಡ್ಡಿನವರು ಎಲ್ಲಿಗೆ ಬರಬೇಕು ಮೇಡಂ?’

‘ಎಲ್ಲಿಗೆ ಬೇಕಾದ್ರೂ ಬರಲಿ. ಒಂದು ಕೋಣೆಗೂ ಬೀಗ ಹಾಕಬೇಡ. ಪಾಸ್‌ವರ್ಡು ಗೀಸ್‌ವರ್ಡು ಏನೂ ಬೇಡ.’

‘ಬೀಗ ಬೇಡವಾ?’

‘ಬೀಗ ಹಾಕಿದ್ರೆ ಜನಕ್ಕೆ ಬೀಗದ ಮೇಲೆ ಸಿಟ್ಟು ಬರ್ತದೆ. ಸುಮ್ನೆ ಯಾಕೆ.’

ಈ ಮಾತಿನಲ್ಲಿ ಎಷ್ಟು ಉದಾರತೆ ಇದೆ ಅಂತ ಮೇಲೆ ಮೇಲೆ ನೋಡಿದವರಿಗೆ ಅನ್ನಿಸಬೇಕು. ಜಗದಾಂಬಾಳ ತವರುಮನೆ ಕೋಟೆಯಲ್ಲೇ ಇತ್ತು, ಅಂಗಡಿ ಇಟ್ಟಿದ್ದವರ ಮನೆ. ಜಾತಿಯಿಲ್ಲ ಅಂತ ಸಂಜೆ ವಚನ ಹಾಡಿ, ಬೆಳಿಗ್ಗೆ ಜಾತಿ ನೋಡಿ ಚಾಪೆ ಹಾಸುತ್ತಿದ್ದ ಮನೆ. ಅಲ್ಲಿ ಯಾರನ್ನೂ ಯಾರೂ ಎಂದೂ ತಡೆದದ್ದಿಲ್ಲ. ಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತಿತ್ತು. ಆದರೂ ಮೂಟೆ ಹೊರುವ ಹೊನ್ನಯ್ಯ ಜಗಲಿಯಲ್ಲೇ ನಿಲ್ಲುತ್ತಿದ್ದ, ದರ್ಜಿ ನಡುಮನೆಯ ಅಂಚಿನವರೆಗೆ ಬರುತ್ತಿದ್ದ, ಸೊಪ್ಪು ಮಾರುವವಳು ಸುತ್ತು ಹಾಕಿ ಹಿತ್ತಲಿಗೇ ಹೋಗುತ್ತಿದ್ದಳು. ಅವರವರ ಜಾಗ ಅವರವರ ಕಾಲಿಗೇ ಗೊತ್ತಿತ್ತು. ಜಗಲಿಯಲ್ಲಿ ನಿಂತವನ ಮಾತನ್ನು ಒಳಗೆ ಒಯ್ಯಲು, ಒಳಗಿನ ಮಾತನ್ನು ಹೊರಗೆ ತರಲು ಮನೆಯಲ್ಲಿ ಒಬ್ಬರು ಬೇಕಾಗುತ್ತಿತ್ತು. ಚಿಕ್ಕಂದಿನಲ್ಲಿ ಆ ಕೆಲಸ ಜಗದಾಂಬಾಳದ್ದೇ. ಈಗಲೂ ಅವಳಿಗೆ ಬೇಕಿದ್ದದ್ದು ಅದೇ ಕೆಲಸ.

ವಿಶ್ವಾರಾಧ್ಯರಿಗೆ ಮನೆಯ ನಕ್ಷೆ ಕೇಳಿದ ಕೂಡಲೇ ಕಣ್ಣು ಅರಳಿತು. ‘ನಮ್ಮ ಸಂಸ್ಕೃತಿ ಇದು’ ಅಂದರು. ‘ರುದ್ರಾಕ್ಷಿ ಅಂದ್ರೆ ಒಂದು ಕುಟುಂಬ.’ ಕುಟುಂಬ ಅನ್ನುವ ಕಂಪನಿಯಲ್ಲಿ ಸಂಬಳ ಜಾಸ್ತಿ ಕೇಳುವುದು ಕಷ್ಟ ಅನ್ನುವುದನ್ನು ಸಮತಾಗೆ ಯಾರೂ ಇನ್ನೂ ಹೇಳಿರಲಿಲ್ಲ. ಅವಳು ಒಂದು ಮಾತು ಹೇಳಿ ನೋಡಿದಳು: ‘ನಮ್ಮಪ್ಪ ಆ ಶೆಡ್ಡಲ್ಲೇ ಅಚ್ಚು ಕಟ್ತಾರೆ ಸರ್. ಅವರೆಲ್ಲಾ ನಡುಮನೆ ಅಂದ್ರೆ...’

‘ಬೀಗ ಇಲ್ವಲ್ಲಮ್ಮ,’ ಅಂದರು ವಿಶ್ವಾರಾಧ್ಯರು.

ಕಾಫಿ ತಂದ ಕಾಶಮ್ಮ ಮಾತ್ರ ಸುದ್ದಿ ಕೇಳಿ ಜಗದಾಂಬಾಳ ಮೇಜಿನ ಹತ್ತಿರ ನಿಂತಳು. ‘ಅಲ್ಲ ಕಣಕ್ಕಾ, ಕಂಪ್ಯೂಟರಿನೊಳಗೂ ಅಡುಗೆಮನೆ ಮಾಡಿಸ್ದೇನು? ಅಲ್ಲೂ ಪಾತ್ರೆ ತೊಳಿಯೋಕೆ ನನ್ನೇ ಕರೀತಾರೋ ಏನೋ.’

‘ನೀನು ಸುಮ್ನಿರೇ ಮಾರಾಯ್ತಿ. ಅಲ್ಲಿ ಪಾತ್ರೆ ಇರಲ್ಲ.’

‘ಹಂಗಾದ್ರೆ ಅದೆಂಥಾ ಅಡುಗೆಮನೆ,’ ಎಂದು ಕಾಶಮ್ಮ ಲೋಟ ಇಟ್ಟು ಹೋದಳು.

ಹೊಸ ಮೆಸೆಂಜರು ಶುರುವಾಯಿತು. ಜಗದಾಂಬಾ ಎಣಿಸಿದಂತೆಯೇ ಆಯಿತು, ಒಂದು ಕೂದಲೆಳೆಯೂ ಆಚೀಚೆ ಆಗಲಿಲ್ಲ. ಆಫೀಸಿನ ಗಂಡಸರೆಲ್ಲ ನಡುಮನೆಯಲ್ಲಿ ಕಾಲು ಚಾಚಿ ಕೂತರು. ಅಕೌಂಟ್ಸಿನ ಹೆಣ್ಣುಮಕ್ಕಳು, ಬಿಲ್ಲಿಗೂ ಅಡುಗೆಗೂ ಸಂಬಂಧವಿಲ್ಲದಿದ್ದರೂ, ಯಾರೂ ಹೇಳದೆ ಅಡುಗೆಮನೆಗೆ ಹೋಗಿ ಅಲ್ಲಿಂದಲೇ ಬಿಲ್ಲು ಮಾಡಿದರು. ಭದ್ರಾವತಿಯವರು ಜಗಲಿಗೆ ಬಂದು ‘ನಮಸ್ಕಾರ’ ಎಂದು ಟೈಪ್ ಮಾಡಿ ನಿಂತುಕೊಂಡರು. ಒಂದು ಬಾರಿಯೂ ಅವರಲ್ಲಿ ಯಾರೂ ನಡುಮನೆಯ ಮೇಲೆ ಮೌಸಿಟ್ಟು ಒತ್ತಲಿಲ್ಲ. ಭೀಮೇಶ್ ದಿನವೂ ಜಗಲಿಯಲ್ಲಿ ‘ಲೋಡ್ ರೆಡಿ, ಏನು ಮಾಡಬೇಕು’ ಎಂದು ಹಾಕುತ್ತಿದ್ದ. ಅದನ್ನು ಜಗದಾಂಬಾ ನೋಡಿ ನಡುಮನೆಗೆ ಒಯ್ಯುತ್ತಿದ್ದಳು. ವಿಶ್ವಾರಾಧ್ಯರು ನಡುಮನೆಯಲ್ಲಿ ಅಪ್ಪಣೆ ಕೊಡುತ್ತಿದ್ದರು. ಅದನ್ನು ಅವಳು ಜಗಲಿಗೆ ತರುತ್ತಿದ್ದಳು. ನಡುವೆ ಫೋನೂ ಮಾಡಿ ‘ನೋಡಿದ್ರಾ, ಹೇಳಿದ್ದು ತಲುಪಿತಾ’ ಎಂದು ಎರಡೂ ಕಡೆ ಕೇಳುತ್ತಿದ್ದಳು. ಕೆಲಸ ಮೊದಲಿಗಿಂತ ಜಾಸ್ತಿಯಾಯಿತು. ಯುಗಾದಿಯ ಮಾತನ್ನು ವಿಶ್ವಾರಾಧ್ಯರೂ ಎತ್ತಲಿಲ್ಲ.

ಹಿತ್ತಲಿನ ಕಥೆ ಬೇರೆ. ಹಿತ್ತಲಿಗೆ ಎಲ್ಲರೂ ಬಂದರು. ಆಫೀಸಿನ ಸಾಹೇಬರು, ಅಡುಗೆಮನೆಯ ಹೆಣ್ಣುಮಕ್ಕಳು, ಭದ್ರಾವತಿಯ ತಮಿಳು ತೆಲುಗಿನವರು, ಎಲ್ಲರೂ ಅಲ್ಲಿ ಊಟವಾದ ಮೇಲೆ ಸೇರಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ, ವಿಶ್ವಾರಾಧ್ಯರ ಹೊಸ ಸಫಾರಿ ಸೂಟಿನ ಬಣ್ಣವನ್ನು ಯಾವುದಕ್ಕೆ ಹೋಲಿಸಬಹುದು ಅನ್ನುವ ಚರ್ಚೆ ನಡೆಸುತ್ತಿದ್ದರು. ಬದನೆಕಾಯಿ ಅಂತ ಶೆಡ್ಡಿನ ಮತ, ನೇರಳೆ ಅಂತ ಅಕೌಂಟ್ಸಿನ ಮತ. ಮನೆ ಅಂದಮೇಲೆ ಹೀಗೇ. ಮುಂಬಾಗಿಲಲ್ಲಿ ಗೌರವ, ಹಿಂಬಾಗಿಲಲ್ಲಿ ಸ್ನೇಹ.

ಕೆಲವು ದಿನದ ಮೇಲೆ ಅಲ್ಲಿಗೆ ‘ಮಧು’ ಬರಲು ಶುರುವಾಯಿತು. ಮಧು ಅನ್ನುವ ಹುಡುಗ ಹಿಂದೆ ಅಕೌಂಟ್ಸಿನಲ್ಲಿದ್ದವನು, ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋಗಿ ಕೆಲವು ತಿಂಗಳಾಗಿತ್ತು. ಅವನ ಹೆಸರು ಮಾತ್ರ ಮೆಸೆಂಜರಿನಲ್ಲಿ ಉಳಿದಿತ್ತು. ಈಗ ಬರುತ್ತಿದ್ದ ಮಧು ಪ್ರತಿಯೊಂದು ಮಾತನ್ನೂ ದೊಡ್ಡಕ್ಷರದಲ್ಲಿ ಟೈಪ್ ಮಾಡುತ್ತಿದ್ದ. ಇಡೀ ಕಂಪನಿಯಲ್ಲಿ ದೊಡ್ಡಕ್ಷರದ ಗುಂಡಿ ಒತ್ತಿದ್ದನ್ನು ಬಿಡಿಸಲು ಗೊತ್ತಿಲ್ಲದಿದ್ದವರು ಒಬ್ಬರೇ. ಆದ್ದರಿಂದ ಮಧು ಬಂದ ಎಂದರೆ ಸಾಕು, ಹಿತ್ತಲಿನ ಮಾತು ಥಟ್ಟನೆ ಬದಲಾಗುತ್ತಿತ್ತು.

‘ನಮ್ಮ ಜಿ.ಎಂ. ಸರ್ ಥರದವರು ಜಿಲ್ಲೆಯಲ್ಲೇ ಇಲ್ಲ ಬಿಡ್ರಪ್ಪ.’

‘ಆ ಸಫಾರಿ ಅವರಿಗೆ ಎಷ್ಟು ಒಪ್ತದೆ.’

‘ನಿನ್ನೆ ಮೆಟ್ಟಿಲು ಇಳಿತಿದ್ರು, ಹಿಂದಿನಿಂದ ನೋಡ್ದೆ, ದೇವರೇ ಅನ್ಕೊಂಡೆ.’

ಮಧು ‘HOWDU HOWDU’ ಎಂದು ಒಪ್ಪಿ ಸಂತೋಷವಾಗಿ ಹೋಗುತ್ತಿದ್ದ. ಅಂಥ ದಿನ ಸಂಜೆ ವಿಶ್ವಾರಾಧ್ಯರು ಎಲ್ಲರಿಗೂ ಕಾಫಿ ತರಿಸುತ್ತಿದ್ದರು. ಜಗದಾಂಬಾ ಇದನ್ನೆಲ್ಲ ನೋಡಿ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ತಾನು ಕಟ್ಟಿದ ಮನೆಯಲ್ಲಿ ಎಲ್ಲರೂ ಸುಖವಾಗಿದ್ದಾರೆ ಅಂತಲೇ ಅವಳಿಗೆ ಅನ್ನಿಸಿತ್ತು. ಕಟ್ಟಿಸಿದವರಿಗೆ ಯಾವಾಗಲೂ ಹಾಗೇ ಅನ್ನಿಸುತ್ತದೆ.

ಫೆಬ್ರುವರಿಯಲ್ಲಿ ಗಾಜನೂರಿನಲ್ಲಿ ಅವಳ ನಾದಿನಿಯ ಹೊಸ ಮನೆಯ ಗೃಹಪ್ರವೇಶ ಬಂತು. ಜಗದಾಂಬಾ ರಜೆ ಹಾಕಿ ಹೋದಳು. ಶಾಸ್ತ್ರದಂತೆ ಮೊದಲು ಹಸು ಒಳಗೆ ಹೋಯಿತು. ಹೊಸ ಟೈಲ್ಸಿನ ಮೇಲೆ ಕಾಲು ಜಾರಿ ಗಾಬರಿಯಾಗಿ ನಡುಮನೆಯಲ್ಲೇ ಸಗಣಿ ಹಾಕಿತು. ಎಲ್ಲರೂ ಶುಭ ಶುಭ ಅಂದರು. ಅದರ ಹಿಂದೆ ಮನೆಯವರು, ಅವರ ಹಿಂದೆ ನೆಂಟರು, ಆಮೇಲೆ ಸಾಲ ಕೊಟ್ಟ ಬ್ಯಾಂಕಿನವರು. ಮನೆ ಕಟ್ಟಿದ ಗಾರೆ ಮೇಸ್ತ್ರಿ ಜಂಬಣ್ಣ ಮಾತ್ರ ಹೊಸ ಪಂಚೆ ಉಟ್ಟು ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ.

‘ಒಳಗೆ ಬಾ ಮಾರಾಯ, ನೀನೇ ಕಟ್ಟಿದ್ದಲ್ವಾ,’ ಎಂದು ನಾದಿನಿಯ ಗಂಡ ಕೂಗಿದ. ಬರಬಾರದು ಅನ್ನುವುದಕ್ಕೆ ಎಷ್ಟು ಜೋರಾಗಿ ಕರೆಯಬೇಕೋ ಅಷ್ಟೇ ಜೋರಾಗಿ ಕೂಗಿದ.

‘ಇರ್ಲಿ ಬುಡಿ ಧಣೀ, ಇಲ್ಲೇ ತಂಪೈತೆ,’ ಅಂದ ಜಂಬಣ್ಣ.

ಆ ಬಿಸಿಲಿನಲ್ಲಿ ಅಲ್ಲಿ ತಂಪೇನೂ ಇರಲಿಲ್ಲ. ಜಗದಾಂಬಾಗೆ ನಗು ಬಂತು, ಯಾಕೆಂದರೆ ಇದು ತನ್ನ ಮೆಸೆಂಜರಿನ ಹಾಗೇ ಇತ್ತು. ಬೀಗವಿಲ್ಲದ ಬಾಗಿಲು, ಕರೆದರೂ ಬಾರದ ಮನುಷ್ಯ. ಪಕ್ಕದವಳಿಗೆ ಹೇಳಿ ನಗೋಣ ಅಂದುಕೊಂಡಳು. ಮೆಸೆಂಜರ್ ಅಂದರೇನು ಅಂತ ಮೊದಲಿಂದ ಹೇಳಬೇಕಲ್ಲ ಅನ್ನುವ ಸೋಮಾರಿತನಕ್ಕೆ ಸುಮ್ಮನಾದಳು.

ಅದೇ ಹೊತ್ತಿಗೆ ಶಿವಮೊಗ್ಗದಲ್ಲಿ ವಿಶ್ವಾರಾಧ್ಯರಿಗೆ ಹರಿಹರಕ್ಕೆ ಹೋಗಬೇಕಿದ್ದ ಪಂಪ್ ಬಾಡಿಗಳ ಒಂದು ಲೋಡಿನ ಎರಕದಲ್ಲಿ ಗಾಳಿ ತೂತುಗಳಿವೆ ಎಂದು ಗೊತ್ತಾಯಿತು. ಅವರು ನಡುಮನೆಯಲ್ಲಿ ದೊಡ್ಡಕ್ಷರದಲ್ಲಿ ‘HARIHARA LOAD NILLISI’ ಎಂದು ಹಾಕಿ, ಆ ಕೆಲಸ ಮುಗಿಯಿತೆಂದು ಊಟಕ್ಕೆ ಹೋದರು. ಅವರ ಮೇಜಿನ ಮೇಲೆ ಫೋನಿತ್ತು. ಎತ್ತಲಿಲ್ಲ. ಹೇಳಿದ್ದು ತಲುಪಿತಾ ಅಂತ ಕೇಳುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ, ಅದಕ್ಕೆ ಜಗದಾಂಬಾ ಇದ್ದಳಲ್ಲ. ಭೀಮೇಶ್ ಜಗಲಿಯಲ್ಲಿ ‘ಲೋಡ್ ರೆಡಿ, ಕಳಿಸಲಾ’ ಎಂದು ಕೇಳಿ, ಕಾದು, ಮತ್ತೆ ಕೇಳಿ, ಆಫೀಸಿಗೆ ಫೋನು ಮಾಡಿ ಯಾರೂ ಎತ್ತದೆ, ಡ್ರೈವರ್ ಬೈಯತೊಡಗಿದ ಮೇಲೆ ಲಾರಿ ಬಿಟ್ಟ. ಹರಿಹರದವರು ಲೋಡನ್ನು ಹಾಗೇ ವಾಪಸು ಕಳಿಸಿದರು. ಜೊತೆಗೆ ಮುಂದಿನ ಆರ್ಡರಿನ ಆಸೆಯನ್ನೂ ಬಿಡಿ ಎಂದರು.

ಮರುದಿನ ಜಗದಾಂಬಾ ಹೋಳಿಗೆ ಡಬ್ಬಿ ಹಿಡಿದು ಆಫೀಸಿಗೆ ಬಂದರೆ, ಮೆಟ್ಟಿಲ ಕೆಳಗೆ ಒಂದು ಜೊತೆ ಸುಟ್ಟ ಕಲೆಯ ಚಪ್ಪಲಿ. ಮೇಲೆ ಭೀಮೇಶ್ ಕ್ಯಾಬಿನ್ನಿನ ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದ. ಮೂವತ್ತರ ಆಸುಪಾಸಿನ ಮನುಷ್ಯ, ಕೈಯಲ್ಲಿ ಸುಮ್ಮನೆ ಒಂದು ಪೆನ್ನು ತಿರುಗಿಸುತ್ತಿದ್ದ. ಸಮತಾ ದೂರದಲ್ಲಿ ತನ್ನ ಕುರ್ಚಿಯಿಂದ ಎದ್ದು ನಿಂತಿದ್ದಳು. ಅವನನ್ನು ತೆಗೆದುಹಾಕುವ ನೋಟೀಸು ಟೈಪಾಗಿ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು.

ಲೋಡು ವಾಪಸಾದ ಕಥೆಯನ್ನು ಅಕೌಂಟ್ಸಿನವರ ಬಾಯಲ್ಲಿ ಕೇಳಿಕೊಂಡು ಜಗದಾಂಬಾ ಬಾಗಿಲ ಪಕ್ಕಕ್ಕೆ ಬಂದು ನಿಂತಳು. ಮೊದಲು ಅವಳ ತಲೆಯಲ್ಲಿ ಓಡಿದ್ದು ಒಳ್ಳೆಯ ಯೋಚನೆಯೇನಲ್ಲ. ನೋಡಿ ಸರ್, ನಾನೊಂದು ದಿನ ಇಲ್ಲದಿದ್ದರೆ ಏನಾಯಿತು ಅಂತ ಹೇಳಿದರೆ ಸಾಕು, ಬೋರ್ಡು ಯುಗಾದಿಗಲ್ಲ, ನಿವೃತ್ತಿಯವರೆಗೂ ಅಲ್ಲಾಡುವುದಿಲ್ಲ. ಬಾಯಿಯವರೆಗೆ ಬಂದಿತ್ತು.

‘ನಾನು ಸ್ಪಷ್ಟವಾಗಿ ಹಾಕಿದ್ದೆ,’ ಎನ್ನುತ್ತಿದ್ದರು ವಿಶ್ವಾರಾಧ್ಯರು. ‘ನಡುಮನೇಲಿ. ಎಲ್ಲರಿಗೂ ಕಾಣೋ ಹಾಗೆ.’

‘ನಾವು ಅಲ್ಲಿಗೆ ಬರಲ್ಲ ಸರ್.’

‘ಯಾಕೆ ಬರಲ್ಲ? ಬೀಗ ಹಾಕಿದೀನಾ? ಯಾರಾದರೂ ಬೇಡ ಅಂದ್ರಾ?’

‘ಬೇಡ ಅಂದಿಲ್ಲ ಸರ್. ಬಾ ಅಂತನೂ ಅಂದಿಲ್ಲ.’

‘ಕೆಲಸಕ್ಕೂ ಕರೆಯೋಲೆ ಬೇಕೇನಯ್ಯ?’ ವಿಶ್ವಾರಾಧ್ಯರ ದನಿ ಏರಿತು. ಅಷ್ಟರಲ್ಲಿ ಹೊರಗಿನವರೆಲ್ಲ ಕತ್ತು ಚಾಚಿದ್ದು ಕಂಡು, ‘ಬಾಗಿಲಲ್ಲಿ ನಿಂತು ರಾಮಾಯಣ ಬೇಡ, ಒಳಗೆ ಬಾ. ಏಸಿ ಇದೆ,’ ಅಂದರು.

ಭೀಮೇಶ್ ತನ್ನ ಪಾದ ನೋಡಿಕೊಂಡ. ‘ಇರ್ಲಿ ಸರ್. ಇಲ್ಲೇ ತಂಪೈತೆ.’

ಜಗದಾಂಬಾ ಹೋಳಿಗೆ ಡಬ್ಬಿಯನ್ನು ಪಕ್ಕದ ಮೇಜಿನ ಮೇಲಿಟ್ಟಳು. ನಿನ್ನೆ ನಗು ಬಂದಿದ್ದ ಜಾಗದಲ್ಲಿ ಇವತ್ತು ಏನೋ ಚುಚ್ಚಿತು. ಆ ಮಾತು ಇಬ್ಬರೂ ಮಾತಾಡಿಕೊಂಡು ಹೇಳಿದ್ದಲ್ಲ. ಗಾಜನೂರಿನ ಮೇಸ್ತ್ರಿಗೆ ಭದ್ರಾವತಿಯ ಗುಮಾಸ್ತ ಗೊತ್ತಿಲ್ಲ. ಹೊಸ್ತಿಲ ಹೊರಗೆ ನಿಂತವರಿಗೆಲ್ಲ ಒಂದೇ ಪಾಠ ಯಾರೋ ಬಾಯಿಪಾಠ ಮಾಡಿಸಿದ್ದಾರೆ, ಮತ್ತು ಆ ಪಾಠವನ್ನು ಕಂಪ್ಯೂಟರಿಗೆ ಕಲಿಸಿದವಳು ತಾನು.

‘ಸರ್,’ ಅಂದಳು, ‘ನಮ್ಮ ಮಧು ಹೇಗಿದಾರೆ?’

‘ಯಾವ ಮಧು?’

‘ಅಕೌಂಟ್ಸ್ ಮಧು ಸರ್. ಹುಬ್ಬಳ್ಳಿಗೆ ಹೋದ್ರಲ್ಲ. ದಿನಾ ಊಟ ಆದ ಮೇಲೆ ಹಿತ್ತಲಿಗೆ ಬರ್ತಾರೆ. ಪಾಪ, ಕೂಗಿ ಕೂಗಿ ಮಾತಾಡ್ತಾರೆ, ಎಲ್ಲಾ ದೊಡ್ಡಕ್ಷರ.’

ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ಅಡುಗೆಮನೆಯ ಬಳಗದಲ್ಲಿ ಯಾರೋ ಕೆಮ್ಮಿದರು. ವಿಶ್ವಾರಾಧ್ಯರು ನೋಟೀಸನ್ನು ತಿರುಗಿಸಿ ಅದರ ಖಾಲಿ ಬೆನ್ನನ್ನು ಓದತೊಡಗಿದರು.

‘ಹಿತ್ತಲಿಗೂ ಬೀಗ ಇಲ್ಲ ಸರ್. ಯಾರೂ ಬೇಡ ಅಂದಿಲ್ಲ. ಆದರೂ ಮಧು ಅವರಿಗೆ ತಮ್ಮ ಹೆಸರಲ್ಲಿ ಬರೋಕೆ ಯಾಕೋ ಸಂಕೋಚ. ಅಷ್ಟು ಓದಿದವರಿಗೇ ಒಂದು ಹೊಸ್ತಿಲು ದಾಟೋಕೆ ಇನ್ನೊಬ್ಬರ ಹೆಸರು ಬೇಕಾಯ್ತು. ಭೀಮೇಶ ಇನ್ನೊಬ್ಬರ ಹೆಸರು ಇಟ್ಕೊಂಡು ನಡುಮನೆಗೆ ಬರಬೇಕಿತ್ತಾ? ಬಂದಿದ್ರೆ ಅದಕ್ಕೂ ಒಂದು ನೋಟೀಸು ಟೈಪ್ ಮಾಡ್ತಿದ್ವಿ.’

‘ಜಗದಾಂಬಮ್ಮ, ನೀವು ಇದರಲ್ಲಿ...’

‘ಇದರಲ್ಲಿ ನಾನೇ ಇರೋದು ಸರ್. ಸಮತಾ ಕೆಲಸಕ್ಕೊಂದು ಕೋಣೆ ಮಾಡಿದ್ಳು. ಅದನ್ನ ಕೆಡಿಸಿ ಮನೆ ಮಾಡಿಸಿದ್ದು ನಾನು. ಶೆಡ್ಡಿನವರು ಜಗಲಿ ದಾಟಲ್ಲ ಅಂತ ಗೊತ್ತಿದ್ದೇ ಮಾಡಿಸಿದ್ದು. ಅವರು ದಾಟದಿದ್ರೆ ನನ್ನ ಬೋರ್ಡು ಉಳಿತದೆ ಅಂತ. ನೋಟೀಸಲ್ಲಿ ಹೆಸರು ತಿದ್ದಬೇಕು ಅಂದ್ರೆ ತಿದ್ದಿ, ಟೈಪ್ ಮಾಡಿ ತರ್ತೀನಿ.’

ಅಷ್ಟರಲ್ಲಿ ಕಾಶಮ್ಮ ಕಾಫಿ ತಟ್ಟೆ ಹಿಡಿದು ಒಳಗೆ ಬಂದವಳು, ಸುತ್ತ ನೋಡಿ, ‘ಸಕ್ಕರೆ ಇಲ್ಲದ್ದು ಯಾರಿಗೆ?’ ಎಂದು ಕೇಳಿದಳು. ಯಾರೋ ತಡೆಯಲಾಗದೆ ಫಕ್ಕನೆ ನಕ್ಕರು. ಅದರ ಹಿಂದೆ ಇಡೀ ಆಫೀಸು ನಕ್ಕಿತು, ಬಾಗಿಲಲ್ಲಿ ನಿಂತಿದ್ದ ಭೀಮೇಶನೂ ನಕ್ಕ. ನಗುವ ಜನರ ನಡುವೆ ನೋಟೀಸಿಗೆ ಸಹಿ ಹಾಕುವುದು ಬಹಳ ಕಷ್ಟದ ಕೆಲಸ. ವಿಶ್ವಾರಾಧ್ಯರಿಂದ ಆಗಲಿಲ್ಲ. ‘ಹೋಗಿ, ಹೋಗಿ ಕೆಲಸ ನೋಡಿ’ ಅಂದರು. ಭೀಮೇಶ್ ಹೋದ. ನೋಟೀಸು ಡ್ರಾಯರಿಗೆ ಹೋಯಿತು.

ಮಧ್ಯಾಹ್ನ ಜಗದಾಂಬಾ ಹೋಳಿಗೆ ಹಿಡಿದು ಸಮತಾಳ ಮೇಜಿಗೆ ಹೋದಳು.

‘ಆ ಮೊದಲನೇ ನಕ್ಷೆ ಇದೆಯೇನೇ?’

‘ಇದೆ ಮೇಡಂ. ಅಳಿಸಿರಲಿಲ್ಲ.’

‘ಯಾಕೆ?’

‘ಒಂದಲ್ಲ ಒಂದು ದಿನ ಬೇಕಾಗ್ತದೆ ಅಂತ ನಮ್ಮಪ್ಪ ಹೇಳಿದ್ರು.’ ಹುಡುಗಿ ಹೋಳಿಗೆ ಮುರಿದಳು. ‘ನಿಮ್ಮ ಬಗ್ಗೆ ಇನ್ನೂ ಏನೇನೋ ಹೇಳಿದ್ರು. ಅದು ಬೇಡ ಬಿಡಿ.’

ಹೀಗೆ ಮನೆ ಬಿತ್ತು. ಲೋಡು, ಬಿಲ್ಲು, ಎರಕ ಅನ್ನುವ ಕೋಣೆಗಳು ಎದ್ದವು. ಲೋಡಿನ ಕೋಣೆಗೆ ಮೊದಲು ಬಂದವನು ಭೀಮೇಶ್. ಲೋಡು ಅವನದೇ, ಕೋಣೆಗೆ ಕಾಲಿಡಲು ಯಾರ ಅಪ್ಪಣೆ? ಬಂದವನೇ ‘ಸರ್, ದಾವಣಗೆರೆ ಲಾರಿ ಬಿಡಲೋ ನಿಲ್ಲಿಸಲೋ, ಈಗಲೇ ಹೇಳಿ’ ಎಂದು ಕೇಳಿದ. ವಿಶ್ವಾರಾಧ್ಯರು ಹುಡುಕಿಕೊಂಡು ಆ ಕೋಣೆಗೇ ಬಂದು ‘BIDI’ ಅನ್ನಬೇಕಾಯಿತು. ಹಿತ್ತಲನ್ನೂ ಕೆಡವೋಣ ಎಂದು ಅವರು ಸೂಚಿಸಿದರು. ಎಲ್ಲ ಕೋಣೆಗಳಿಂದಲೂ ಏಕಕಂಠದ ವಿರೋಧ ಬಂದದ್ದರಿಂದ ಅದು ಉಳಿಯಿತು. ಮಧುವಿನ ಹೆಸರು ಮಾತ್ರ ಪಟ್ಟಿಯಿಂದ ಮಾಯವಾಯಿತು. ಹುಬ್ಬಳ್ಳಿಯ ಮಧುವಿಗೆ ಈ ಕಥೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಮಾತು ಈಗ ಯಾರ ಕೈಗೂ ಕಾಯದೆ ತಾನೇ ಹೋಗುತ್ತಿತ್ತು, ತಾನೇ ಬರುತ್ತಿತ್ತು. ಜಗದಾಂಬಾಳ ಬೋರ್ಡು ಒಂದೊಂದು ದಿನ ಮಧ್ಯಾಹ್ನದವರೆಗೆ ಒಮ್ಮೆಯೂ ಗುಂಯ್‌ಗುಡುತ್ತಿರಲಿಲ್ಲ. ಯುಗಾದಿಯ ಹಿಂದಿನ ದಿನ ಎಲೆಕ್ಟ್ರಿಷಿಯನ್ ಬಂದು ಅದರ ಸ್ಕ್ರೂ ಬಿಚ್ಚಿದ. ಬೋರ್ಡಿನ ಕೆಳಗೆ ಧೂಳು, ಒಂದು ಬಳೆ ಚೂರು, ಬಿಸ್ಕತ್ತಿನ ಪುಡಿ ಸಿಕ್ಕವು. ಜಗದಾಂಬಾ ಬಳೆ ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಕಸದ ಬುಟ್ಟಿಗೆ ಹಾಕಿದಳು.

ವಿಶ್ವಾರಾಧ್ಯರಿಗೆ ಅವಳಿಗೆ ವಿಶ್ರಾಂತಿ ಕೊಡಲು ಈಗ ಧೈರ್ಯ ಸಾಲಲಿಲ್ಲ. ಮಧುವಿನ ಕಥೆ ಗೊತ್ತಿರುವ ಹೆಂಗಸನ್ನು ಕೆಲಸ ಬಿಡಿಸಿ ಊರೊಳಗೆ ಖಾಲಿ ಬಾಯಿಯಲ್ಲಿ ಬಿಡುವುದುಂಟೇ? ಕಣ್ಣೆದುರು ಇಟ್ಟುಕೊಳ್ಳುವ ಧೈರ್ಯವೂ ಇರಲಿಲ್ಲ. ಆದ್ದರಿಂದ ‘ಅನುಭವಿಗಳು ಶೆಡ್ಡಿಗೇ ಬೇಕು’ ಎಂದು ಹೊಗಳಿ ಭದ್ರಾವತಿಗೆ ವರ್ಗ ಮಾಡಿದರು. ಅಲ್ಲಿ ಭೀಮೇಶನ ಕೈಕೆಳಗೆ, ಡಿಸ್ಪ್ಯಾಚಿನಲ್ಲಿ. ಇದು ಶಿಕ್ಷೆ ಅಂತ ಆಫೀಸಿಗೆಲ್ಲ ಅರ್ಥವಾಯಿತು. ಕೋಟೆಯ ಹೆಣ್ಣುಮಗಳು ಕರಿ ಮರಳಿನ ಶೆಡ್ಡಿಗೆ.

ಮನೆಯಲ್ಲಿ ಸುದ್ದಿ ಹೇಳಿದಾಗ ವೀರಪ್ಪನವರು ಸಾರು ಕಲೆಸುವುದನ್ನು ನಿಲ್ಲಿಸಿದರು. ‘ಬಸ್ಸಿಗೆ ಚಿಲ್ಲರೆ ಇದೆಯಾ?’ ಎಂದು ಕೇಳಿದರು. ಉಪ್ಪಿಗೆ ಸಂಬಂಧಪಡದ ಮಾತನ್ನು ಅವರು ಆಡಿ ಬಹಳ ಕಾಲವಾಗಿತ್ತು.

ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಜಗದಾಂಬಾ ಭದ್ರಾವತಿಯ ಬಸ್ಸು ಇಳಿದು, ಹೊಗೆಯ ವಾಸನೆ ಹಿಡಿದು ಶೆಡ್ಡಿನ ದಾರಿ ಹುಡುಕಿಕೊಂಡು ಹೋದಳು. ಇಷ್ಟು ವರ್ಷ ಈ ಜಾಗದ ಮಾತನ್ನೆಲ್ಲ ಕೇಳಿದ್ದವಳು ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ. ಒಳಗೆ ಕುಲುಮೆ ಗುರುಗುಟ್ಟುತ್ತಿತ್ತು. ಯಾರೋ ತಮಿಳಿನಲ್ಲಿ ಕೂಗಿದ್ದಕ್ಕೆ ಯಾರೋ ತೆಲುಗಿನಲ್ಲಿ ಬೈದರು. ದೊಡ್ಡ ಬಾಗಿಲ ಮುಂದೆ ಅವಳ ಕಾಲು ತಾನಾಗಿಯೇ ನಿಂತಿತು. ತನಗೆ ಇಲ್ಲಿ ಯಾವ ಜಾಗ ಅಂತ ಕಾಲಿಗೆ ಗೊತ್ತಾಗಲಿಲ್ಲ. ಕಾಲಿಗೆ ಗೊತ್ತಾಗದ್ದು ಇದೇ ಮೊದಲು.

ಹೇಗೂ ಇರಲಿ, ಅವರ ಜಾಗಕ್ಕೆ ಬಂದಿದ್ದೇನೆ ಎಂದು ಬಗ್ಗಿ ಚಪ್ಪಲಿ ಬಿಚ್ಚಿ ಗೋಡೆ ಬದಿಗೆ ಸರಿಸಿದಳು.

‘ಅಯ್ಯೋ ಅಕ್ಕಾ, ಹಾಕ್ಕಳಿ, ಹಾಕ್ಕಳಿ,’ ಎನ್ನುತ್ತ ಭೀಮೇಶ್ ಒಳಗಿಂದ ಓಡಿ ಬಂದ. ‘ನೆಲದ ಮೇಲೆಲ್ಲಾ ಕಬ್ಬಿಣದ ಹನಿ ಬಿದ್ದಿರ್ತದೆ, ಕಾಲು ಸುಟ್ಟೋಗ್ತದೆ. ಇಲ್ಲಿ ಯಾರೂ ಚಪ್ಪಲಿ ಹೊರಗೆ ಬಿಡಂಗಿಲ್ಲ.’

‘ಯಾರೂನಾ?’

‘ದೇವ್ರು ಬಂದ್ರೂ ಮೆಟ್ಕೊಂಡೇ ಬರ್ಬೇಕು.’ ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ‘ಬನ್ನಿ ಒಳಗೆ. ತಂಪೇನಿಲ್ಲ, ಮೊದ್ಲೇ ಹೇಳ್ತೀನಿ.’

ಜಗದಾಂಬಾ ಚಪ್ಪಲಿ ಮೆಟ್ಟಿ ಒಳಗೆ ನಡೆದಳು.